ಹಾಜರಿ ಯಾರಿಗಾಗಿ?

ಊರಿನ ಕಚೇರಿಯಲ್ಲಿ ಸಾಹೇಬರು ಕೂತಿರಲಿ ಎಂಬುದು ಬೀದರ್ ಜಿಲ್ಲೆಯ ಹುಲಸೂರ ಭಾಗದ ಹಿರಿಯರ ಬೇಡಿಕೆ. ಬೆಂಗಳೂರಿನ ಕಚೇರಿಗೆ ಬಂದೇ ಕೂರಬೇಕು ಎಂಬುದು ಅದೇ ಹಿರಿಯರ ಮಕ್ಕಳಿಗೆ ಬಂದಿರುವ ಆದೇಶ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮನೆಯಿಂದ ಕೆಲಸದ ಚರ್ಚೆಗೆ ಬೇರೆಯೇ ದಾರಿ ಕಾಣುತ್ತದೆ.

ಮನೆಯಿಂದ ಕೆಲಸವೋ, ಕಚೇರಿಗೆ ಬಂದೇ ಕೆಲಸವೋ ಎಂಬ ವಾದ ಬೆಂಗಳೂರಿನಲ್ಲಿ ನಡೆದಾಗ ಅದರ ಅಳತೆಗೋಲು ಟ್ರಾಫಿಕ್. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಆ ನಗರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ಹುಲಸೂರಿನಲ್ಲಿ ಈ ಅಳತೆಗೋಲು ಕೆಲಸಕ್ಕೆ ಬಾರದು. ಇಲ್ಲಿಂದ ಬೆಂಗಳೂರು ಸುಮಾರು 650 ಕಿ.ಮೀ. ಸಂಜೆ ಬಸವಕಲ್ಯಾಣದಲ್ಲೋ ಹುಮನಾಬಾದ್‌ನಲ್ಲೋ ಬಸ್ ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. ‘ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ’ ಎಂಬ ಇ–ಮೇಲ್ ಬಂದಾಗ ವೈಟ್‌ಫೀಲ್ಡ್‌ನಲ್ಲಿ ಮನೆ ಇರುವವರು ದಿನಕ್ಕೆ ಎರಡು–ಮೂರು ತಾಸು ಕಳೆದುಕೊಳ್ಳುತ್ತಾರೆ. ಹುಲಸೂರಿನಲ್ಲಿ ಮನೆ ಇರುವವರು ಊರನ್ನೇ ಬಿಡಬೇಕಾಗುತ್ತದೆ.

ಕಚೇರಿ ಎಂಬ ಮಾತಿಗೆ ಇದೇ ಹುಲಸೂರಿನಲ್ಲಿ ಇನ್ನೊಂದು ಅರ್ಥವೂ ಇದೆ. 2017ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್ 49 ಹೊಸ ತಾಲ್ಲೂಕುಗಳನ್ನು ಘೋಷಿಸಿತು. ಬೀದರ್ ಜಿಲ್ಲೆಗೆ ಸಿಕ್ಕಿದ್ದು ಮೂರು. ಬಸವಕಲ್ಯಾಣ ತಾಲ್ಲೂಕಿನಿಂದ ಹುಲಸೂರ, ಹುಮನಾಬಾದ್‌ನಿಂದ ಚಿಟಗುಪ್ಪ, ಔರಾದ್‌ನಿಂದ ಕಮಲನಗರ ಬೇರೆಯಾದವು. ಐದು ತಾಲ್ಲೂಕಿನ ಜಿಲ್ಲೆ ಎಂಟು ತಾಲ್ಲೂಕಿನದಾಯಿತು. ತಾಲ್ಲೂಕು ಬೇಕೆಂದು ಜನ ಕೇಳಿದ್ದರ ಹಿಂದೆ ಇದ್ದ ಆಸೆ ಬಹಳ ಸರಳ: ಪಹಣಿ, ಪಿಂಚಣಿ, ಜಾತಿ–ಆದಾಯ ಪ್ರಮಾಣಪತ್ರದ ಕೆಲಸಕ್ಕೆ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು ದೂರ ಹೋಗುವುದು ತಪ್ಪಲಿ, ಕಚೇರಿ ಹತ್ತಿರ ಬರಲಿ, ಅದರಲ್ಲಿ ಅಧಿಕಾರಿ ಸಿಗಲಿ.

ಒಂದೇ ಊರು, ಎರಡು ಬೇಡಿಕೆ. ಸರ್ಕಾರಿ ಅಧಿಕಾರಿ ಕುರ್ಚಿಯಲ್ಲಿ ಪೂರ್ತಿ ಹೊತ್ತು ಕೂತಿರಲಿ. ಸಾಫ್ಟ್‌ವೇರ್ ಕೆಲಸದ ಮಗಳು ಮನೆಯಿಂದಲೇ ಕೆಲಸ ಮಾಡಲಿ. ಮೇಲುನೋಟಕ್ಕೆ ಇವು ಒಂದಕ್ಕೊಂದು ಎದುರು. ನನಗೆ ಹಾಗೆ ಕಾಣುವುದಿಲ್ಲ. ಎರಡರ ಹಿಂದೆಯೂ ಇರುವುದು ಒಂದೇ ನ್ಯಾಯ: ಒಬ್ಬರ ಹಾಜರಿಯಿಂದ ಯಾರಿಗೆ ಉಪಯೋಗ ಎಂದು ಮೊದಲು ಕೇಳಬೇಕು, ಆಮೇಲೆ ಹಾಜರಿ ಪುಸ್ತಕ ತೆರೆಯಬೇಕು.

ಪಗಾರ ಊರಿಗೆ ಬಂದ ಕಾಲ

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ನೆರೆಯ ಕಲಬುರಗಿಯಲ್ಲಿ. ಅದೇ ತಿಂಗಳ 25ರಿಂದ ಲಾಕ್‌ಡೌನ್. ಪುಣೆಯಿಂದ ಹೈದರಾಬಾದ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಹಾಗೂ ಹುಮನಾಬಾದ್ ಮೇಲೆ ಹಾಯುತ್ತದೆ. ಆ ದಿನಗಳಲ್ಲಿ ಎರಡು ಬಗೆಯ ಜನ ಈ ಹೆದ್ದಾರಿಯ ಆಸುಪಾಸಿನ ಊರುಗಳಿಗೆ ಮರಳಿದರು. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಕಟ್ಟಡ ಕೆಲಸಕ್ಕೆ ಹೋದವರು ಗಂಟುಮೂಟೆ ಹೊತ್ತು ಬಂದರು. ಅವರ ಕೆಲಸ ಅಲ್ಲಿಯೇ ಉಳಿಯಿತು, ಕೂಲಿ ನಿಂತಿತು. ಎಷ್ಟೋ ಮನೆಗಳಿಗೆ ಆಗ ಆಸರೆಯಾದದ್ದು ಉದ್ಯೋಗ ಖಾತ್ರಿ. ಆ ವರ್ಷ ಕರ್ನಾಟಕದಲ್ಲಿ ಅದರ ದಿನಗೂಲಿ 275 ರೂಪಾಯಿ. ಇನ್ನೊಂದು ಬಗೆಯವರು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಬಂದರು. ಅವರೊಂದಿಗೆ ಅವರ ಕೆಲಸವೂ ಬಂತು, ಪಗಾರವೂ ಬಂತು.

ಈ ಎರಡನೆಯ ಬಗೆಯವರ ಸಂಖ್ಯೆ ಸಣ್ಣದು. ಆದರೆ ಅವರಿಂದಾಗಿ ಈ ಭಾಗ ಹಿಂದೆಂದೂ ಕಾಣದ ಒಂದನ್ನು ಕಂಡಿತು. ಅಲ್ಲಿಯವರೆಗೆ ಓದಿದವರು ಹೊರಟರೆ ಹಣ ಮನಿಯಾರ್ಡರ್‌ನಲ್ಲೋ ಫೋನ್‌ಪೇಯಲ್ಲೋ ಬರುತ್ತಿತ್ತು, ಅದೂ ಬೆಂಗಳೂರಿನ ಬಾಡಿಗೆ, ಪಿ.ಜಿ., ಊಟ, ಓಡಾಟ ಕಳೆದು ಉಳಿದದ್ದು. ಈಗ ಪಗಾರ ಪೂರ್ತಿಯಾಗಿ ಮನೆಯಲ್ಲಿ ಇಳಿಯಿತು. ಅದರಲ್ಲಿ ಒಂದಿಷ್ಟು ಊರಿನ ಕಿರಾಣಿ ಅಂಗಡಿಗೆ, ಗೌಂಡಿಗೆ, ಟ್ಯಾಂಕರ್‌ಗೆ, ಸಂತೆಯ ತರಕಾರಿಗೆ ಹೋಯಿತು. ಅಪ್ಪನ ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದದ್ದು ಮಗನ ಕಣ್ಣಿಗೆ ಬಿತ್ತು. ಸೋಯಾ ರಾಶಿಯ ಹೊತ್ತಿಗೆ ಮನೆಯಲ್ಲಿ ಒಬ್ಬ ಹೆಚ್ಚಾದ.

ಬೀದರ್ ಜಿಲ್ಲೆಯವರಿಗೆ ಎಳ್ಳ ಅಮಾವಾಸ್ಯೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹತ್ತಾರು ಬಗೆಯ ಕಾಳು, ಸೊಪ್ಪು, ತರಕಾರಿ ಹಾಕಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಮಡಕೆಯ ಅಂಬಲಿ ಹೊತ್ತು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬಂದವರನ್ನೆಲ್ಲ ಕೂರಿಸಿ ಉಣಿಸುತ್ತದೆ. ಪಟ್ಟಣಕ್ಕೆ ಹೋದ ಮಕ್ಕಳು ದೀಪಾವಳಿಗೆ ಬಾರದಿದ್ದರೂ ಈ ಹಬ್ಬಕ್ಕೆ ಬರಬೇಕೆಂಬುದು ತಾಯಂದಿರ ಹಟ. ಬಸ್ಸುಗಳು ತುಂಬಿ ಬರುವುದೂ, ಮರುದಿನವೇ ತುಂಬಿ ಹೋಗುವುದೂ ಮಾಮೂಲು. ಮನೆಯಿಂದ ಕೆಲಸದ ಆ ಎರಡು ಚಳಿಗಾಲಗಳಲ್ಲಿ ಎಷ್ಟೋ ಮನೆಗಳಲ್ಲಿ ಮರುದಿನ ಹೊರಡುವ ಅವಸರ ಇರಲಿಲ್ಲ.

ಮತ್ತೆ ಬಂದ ಕರೆ

ಇದು ಶಾಶ್ವತ ಎಂದು ನಂಬಲು ಆಗ ಕಾರಣಗಳಿದ್ದವು. 2020ರ ಏಪ್ರಿಲ್‌ನಲ್ಲಿ ಟಿಸಿಎಸ್, 2025ರ ಹೊತ್ತಿಗೆ ತನ್ನ ಶೇ 25ರಷ್ಟು ಸಿಬ್ಬಂದಿ ಮಾತ್ರ ಕಚೇರಿಯಲ್ಲಿ ಇದ್ದರೆ ಸಾಕಾಗುತ್ತದೆ ಎಂದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬಿಪಿಒ, ಐ.ಟಿ. ಸೇವಾ ಕಂಪನಿಗಳ ನಿಯಮ ಸಡಿಲಿಸಿ, ಮನೆಯಿಂದ ಮಾತ್ರವಲ್ಲ ದೇಶದ ಎಲ್ಲಿಂದಲಾದರೂ ಕೆಲಸ ಮಾಡಲು ದಾರಿ ತೆರೆಯಿತು. 2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ, ಮೆಟ್ರೊ ಕಾಮಗಾರಿಯ ಕಾರಣಕ್ಕೆ, ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳು 2022ರ ಕೊನೆಯವರೆಗೆ ಮನೆಯಿಂದ ಕೆಲಸ ಮುಂದುವರಿಸಲಿ ಎಂದು ಸಲಹೆ ಕೊಟ್ಟಿತು. 2022ರ ಸೆಪ್ಟೆಂಬರ್‌ನ ಮಳೆಗೆ ಅದೇ ರಸ್ತೆ ಮುಳುಗಿದಾಗ ಕಂಪನಿಗಳು ಮತ್ತೆ ‘ಮನೆಯಲ್ಲೇ ಇರಿ’ ಎಂದವು. ರಸ್ತೆಗೆ ತೊಂದರೆಯಾದಾಗ ಮನೆಯಿಂದ ಮಾಡಿದ ಕೆಲಸ ಸರಿಯಾಗಿಯೇ ಇತ್ತು, ಯಾರೂ ತಕರಾರು ತೆಗೆಯಲಿಲ್ಲ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು.

ಆಮೇಲೆ ಗಾಳಿ ತಿರುಗಿತು. 2023ರ ಅಕ್ಟೋಬರ್ 1ರಿಂದ ಟಿಸಿಎಸ್ ವಾರಕ್ಕೆ ಐದು ದಿನ ಕಚೇರಿ ಎಂದಿತು. ನವೆಂಬರ್‌ನಲ್ಲಿ ವಿಪ್ರೊ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ ಕೆಳ ಹಾಗೂ ಮಧ್ಯಮ ಹಂತದವರಿಗೆ ತಿಂಗಳಿಗೆ ಹತ್ತು ದಿನದ ನಿಯಮ ತಂದಿತು. ಅಮೆಜಾನ್ 2025ರ ಜನವರಿಯಿಂದ ಜಗತ್ತಿನಾದ್ಯಂತ ಐದು ದಿನಕ್ಕೆ ಮರಳಿತು.

ಈ ಪಟ್ಟಿಯಲ್ಲಿ ವಾರಕ್ಕೆ ಮೂರು ದಿನ, ತಿಂಗಳಿಗೆ ಹತ್ತು ದಿನ ಎಂಬವು ಮೃದುವಾದ ನಿಯಮಗಳಂತೆ ಕೇಳಿಸುತ್ತವೆ. ಪತ್ರಿಕೆಗಳಲ್ಲಿ ‘ಹೈಬ್ರಿಡ್’ ಎಂದು ಹೊಗಳಿಸಿಕೊಳ್ಳುವುದು ಇವೇ. ಹುಲಸೂರಿನಿಂದ ನೋಡಿ. ಸೋಮವಾರ, ಬುಧವಾರ, ಗುರುವಾರ ಬೆಂಗಳೂರಿನಲ್ಲಿ ಇರಬೇಕಾದವರು ಉಳಿದ ದಿನ ಹುಲಸೂರಿನಲ್ಲಿ ಇರಲು ಆಗುತ್ತದೆಯೇ? ಅಲ್ಲಿ ರೂಮು ಹಿಡಿಯಲೇಬೇಕು, ಮುಂಗಡ ಕಟ್ಟಲೇಬೇಕು. ರೂಮು ಹಿಡಿದ ಮೇಲೆ ಮೂರು ದಿನವಾದರೂ ಒಂದೇ, ಐದು ದಿನವಾದರೂ ಒಂದೇ. ಈಗಿರುವ ಹೈಬ್ರಿಡ್ ವ್ಯವಸ್ಥೆಯ ಲಾಭ ಬೆಂಗಳೂರಿನಲ್ಲಿ ಈಗಾಗಲೇ ನೆಲೆ ಇರುವವರಿಗೆ. ದೂರದವರಿಗೆ ಅದು ಪೂರ್ಣಾವಧಿ ಕಚೇರಿಯೇ.

ಸೀಟು ಇಲ್ಲಿ, ನೌಕರಿ ಅಲ್ಲಿ

ಇದನ್ನು ಕೆಲವು ಯುವಕರ ಅನುಕೂಲದ ಪ್ರಶ್ನೆ ಎಂದು ತಳ್ಳಿಹಾಕಲು ಆಗದು. ಕಲ್ಯಾಣ ಕರ್ನಾಟಕದ ಇತಿಹಾಸ ಅದಕ್ಕೆ ಬಿಡುವುದಿಲ್ಲ. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದಲ್ಲಿದ್ದವು. ದಶಕಗಳ ಹೋರಾಟದ ಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು. ಅದರಿಂದ ಈ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಸಿಗತೊಡಗಿತು. ಸರ್ಕಾರಿ ನೌಕರಿಯಲ್ಲೂ ಪಾಲು ಸಿಕ್ಕಿತು.

ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ, ಬಸವಕಲ್ಯಾಣದ ಎಂಜಿನಿಯರಿಂಗ್ ಕಾಲೇಜು ಹೀಗೆ ಓದಲು ಜಿಲ್ಲೆಯಲ್ಲೇ ಜಾಗಗಳಿವೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬಂದು ಎಂಜಿನಿಯರ್ ಆದ ಮೊದಲ ತಲೆಮಾರಿನವರು ಇಲ್ಲಿ ಊರೂರಿಗೆ ಸಿಗುತ್ತಾರೆ. 371ಜೆ ಸೀಟು ಕೊಟ್ಟಿತು; ಖಾಸಗಿ ನೌಕರಿಯನ್ನು ಅದು ಇಲ್ಲಿಗೆ ತರಲಾರದು. ಪದವಿ ಕೈಗೆ ಬಂದ ವಾರವೇ ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನ ಬಸ್ ಹತ್ತಬೇಕು. ಹೀಗೆ ಈ ನೆಲ ತನ್ನ ಹಣದಲ್ಲಿ ಓದಿಸಿದ ಮಕ್ಕಳ ದುಡಿಮೆಯ ಫಲ ಬೇರೆ ನಗರಗಳ ಬಾಡಿಗೆಗೂ ಪೆಟ್ರೋಲಿಗೂ ಹೋಗುತ್ತದೆ.

‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ರಾಜ್ಯ ಸರ್ಕಾರ ಐ.ಟಿ. ಉದ್ಯಮವನ್ನು ಹೊರಗೆ ಹರಡಲು ಹೊರಟಾಗ ಮೊದಲು ಆರಿಸಿಕೊಂಡದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ. ಆ ಊರುಗಳಿಗೆ ಬರಲಿ, ಸಂತೋಷ. ಆದರೆ ದೊಡ್ಡ ಕ್ಯಾಂಪಸ್ ಹುಮನಾಬಾದ್‌ಗೋ ಹುಲಸೂರಿಗೋ ಬರುವವರೆಗೆ ಕಾಯಿರಿ ಎಂದು ಹೇಳುವುದು ಇನ್ನೊಂದು ತಲೆಮಾರನ್ನು ಬಸ್ಸಿಗೆ ಹತ್ತಿಸಿದಂತೆ. ಕಂಪನಿಯನ್ನು ತರುವುದು ಕಷ್ಟ. ಕೆಲಸವನ್ನು ತರುವುದು ಕಷ್ಟವಿಲ್ಲ ಎಂದು 2020–22ರಲ್ಲಿ ರುಜುವಾತಾಗಿದೆ.

ಕಾಯಕದ ಜಾಗ, ಕೂಡುವ ಜಾಗ

ಈ ಪ್ರಶ್ನೆಯನ್ನು ಬಸವಕಲ್ಯಾಣದ ನೆರಳಿನಲ್ಲಿ ಕೂತು ಯೋಚಿಸುವವರಿಗೆ ಒಂದು ಸಂಗತಿ ಹೊಳೆಯದೆ ಇರದು. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣಕ್ಕೆ 12ನೇ ಶತಮಾನದಲ್ಲಿ ಶರಣರು ದೂರದೂರದಿಂದ ಬಂದರು. ಅವರ ಕೆಲಸ ನಡೆದದ್ದು ಎಲ್ಲಿ? ಮಡಿವಾಳ ಮಾಚಯ್ಯನ ಕಾಯಕ ನೀರಿನ ದಂಡೆಯಲ್ಲಿ, ಅಂಬಿಗರ ಚೌಡಯ್ಯನದು ದೋಣಿಯಲ್ಲಿ, ನುಲಿಯ ಚಂದಯ್ಯನದು ಹುಲ್ಲು ಕೊಯ್ದು ಹಗ್ಗ ಹೊಸೆಯುವಲ್ಲಿ, ಡೋಹರ ಕಕ್ಕಯ್ಯನದು ಚರ್ಮ ಹದ ಮಾಡುವಲ್ಲಿ. ಕೆಲಸ ಎಲ್ಲಿ ಆಗಬೇಕೋ ಅಲ್ಲಿ ಕೆಲಸ. ಅವರೆಲ್ಲ ಒಂದೆಡೆ ಸೇರಿದ್ದು ಅನುಭವ ಮಂಟಪದಲ್ಲಿ. ಅಲ್ಲಮಪ್ರಭು ಅಧ್ಯಕ್ಷನಾಗಿದ್ದ ಆ ಮಂಟಪಕ್ಕೆ ಹೋಗುತ್ತಿದ್ದುದು ಮಾತಾಡಲು, ಕೇಳಲು, ತಪ್ಪಿದ್ದಲ್ಲಿ ತಿದ್ದಿಸಿಕೊಳ್ಳಲು, ಹೊಸದನ್ನು ಕಲಿಯಲು. ಕಾಯಕದ ಜಾಗ ಬೇರೆ, ಕೂಡುವ ಜಾಗ ಬೇರೆ ಎಂಬ ತಿಳಿವಳಿಕೆ ಅಲ್ಲಿತ್ತು. ಒಂದನ್ನು ಇನ್ನೊಂದರಿಂದ ಬದಲಾಯಿಸಲು ಆಗದು ಎಂಬುದೂ ಗೊತ್ತಿತ್ತು.

ಇಂದಿನ ಕಚೇರಿಯನ್ನು ಈ ಎರಡರ ಬೆಳಕಿನಲ್ಲಿ ನೋಡಬೇಕು. ಹೊಸ ಯೋಜನೆಯ ಚರ್ಚೆ, ಕಗ್ಗಂಟಾದ ಕೋಡ್ ಬಿಡಿಸುವುದು, ಹೊಸಬರಿಗೆ ಕಲಿಸುವುದು, ತಂಡದ ಒಳಗಿನ ಮನಸ್ತಾಪ ತಿಳಿಗೊಳಿಸುವುದು, ಇವಕ್ಕೆಲ್ಲ ಜನ ಕೂಡಬೇಕು. ಕೂಡಿದಾಗ ಕೂಡಿದ್ದಕ್ಕೆ ಫಲ ಇರಬೇಕು. ಸಹೋದ್ಯೋಗಿ ಚೆನ್ನೈನಲ್ಲಿ, ಮ್ಯಾನೇಜರ್ ನೊಯ್ಡಾದಲ್ಲಿ, ಗ್ರಾಹಕ ಡಲ್ಲಾಸ್‌ನಲ್ಲಿ ಇದ್ದು, ಬೆಂಗಳೂರಿನ ಕಚೇರಿಗೆ ಬಂದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೊ ಕರೆಯಲ್ಲಿ ಕೂರುವುದಾದರೆ ಆ ಹಾಜರಿ ಬಾಗಿಲಿನ ಯಂತ್ರಕ್ಕೆ ಸಲ್ಲುತ್ತದೆ, ಕೆಲಸಕ್ಕೆ ಸಲ್ಲುವುದಿಲ್ಲ.

ಕಲ್ಯಾಣದ ಇನ್ನೊಂದು ಕತೆಯೂ ಇಲ್ಲಿ ಬೇಕು. ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ಇದು, ಹಿಂದಕ್ಕೆ ಕೊಟ್ಟು ಬನ್ನಿ ಎಂದು ಕಳಿಸಿದಳು. ದುಡಿಮೆಗೂ ಒಂದು ಅಳತೆ ಇದೆ, ಆ ಅಳತೆ ಮೀರಿದ್ದು ಮನೆಯೊಳಗೆ ಬರಬಾರದು ಎಂದು ಹೇಳುವ ಧೈರ್ಯ ಆಕೆಗಿತ್ತು. ಮನೆಯಿಂದ ಕೆಲಸ ಮಾಡುವವರ ದೊಡ್ಡ ಕಷ್ಟ ಇದೇ. ಬೆಳಿಗ್ಗೆ ಎಂಟಕ್ಕೆ ತೆರೆದ ಲ್ಯಾಪ್‌ಟಾಪ್ ರಾತ್ರಿ ಹನ್ನೊಂದಾದರೂ ಮುಚ್ಚುವುದಿಲ್ಲ. ‘ಮನೆಯಲ್ಲೇ ಇದ್ದೀರಲ್ಲ’ ಎಂಬ ಮಾತು ಭಾನುವಾರದ ಕರೆಗೂ ಪರವಾನಗಿ ಆಗುತ್ತದೆ. ಹೆಚ್ಚಿನದನ್ನು ಹಿಂದಕ್ಕೆ ಕಳಿಸುವ ಲಕ್ಕಮ್ಮನ ಗಟ್ಟಿತನ ಕಂಪನಿಯ ನಿಯಮದಲ್ಲೇ ಬರೆದಿರಬೇಕು.

ಮನೆ ಎಂಬ ಕಚೇರಿ

ಊರಿನ ಮನೆಯನ್ನು ಹಾಡಿ ಹೊಗಳಿ ಮುಗಿಸುವುದೂ ಸರಿಯಲ್ಲ. ನಮ್ಮ ಕಡೆಯ ಹಳ್ಳಿಯ ಮನೆಯಲ್ಲಿ ‘ಸ್ವಂತ ಕೋಣೆ’ ಎಂಬುದು ಬಹಳ ಜನರಿಗೆ ಇಲ್ಲ. ಪಡಸಾಲೆಯಲ್ಲಿ ಒಂದು ಗೋಡೆಗೆ ಸೋಯಾ ಚೀಲದ ಥಪ್ಪಿ, ಇನ್ನೊಂದು ಗೋಡೆಗೆ ಟಿ.ವಿ., ನಡುವೆ ಕಬ್ಬಿಣದ ಮಂಚ. ಆ ಮಂಚದ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ತಲೆದಿಂಬು, ಅದರ ಮೇಲೆ ಲ್ಯಾಪ್‌ಟಾಪ್. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ತಗಡಿನ ಮಾಡು ಕಾದರೆ ಒಳಗೆ ಕೂರಲಾಗದು. ಮಳೆಗಾಲದ ಮೊದಲ ಗಾಳಿಗೆ ಲೈನ್ ಹೋದರೆ ವಿದ್ಯುತ್ ಕಂಪನಿ ಜೆಸ್ಕಾಂನವರು ಬಂದು ಜೋಡಿಸುವವರೆಗೆ ಇನ್ವರ್ಟರ್ ಎಳೆಯಬೇಕು. ಫೈಬರ್ ಕೇಬಲ್ ಕಡಿದರೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಮಾಳಿಗೆ ಹತ್ತಬೇಕು. ಅಷ್ಟರಲ್ಲಿ ಆಚೆ ಮನೆಯವರು ಬಂದು, ‘ನೌಕ್ರಿ ಬಿಟ್ಟು ಬಂದೀ ಏನಪಾ?’ ಎಂದು ಕೇಳುತ್ತಾರೆ. ಹೆಣ್ಣು ನೋಡಲು ಹೋದಲ್ಲೂ ಅದೇ ಪ್ರಶ್ನೆ ಬಂದಾಗ ಹುಡುಗನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅವನ ಮನೆಯವರೇ ಬಲ್ಲರು.

ಸೊಸೆಯ ಪಾಡು ಇನ್ನೂ ಬಿಗಿ. ಲಾಗಿನ್ ಆಗುವ ಮುಂಚೆ ರೊಟ್ಟಿ ಬಡಿದಿರಬೇಕು. ಮೀಟಿಂಗ್ ನಡುವೆ ಅತಿಥಿಗೆ ಚಹಾ ಆಗಬೇಕು. ಆಕೆ ಕಣ್ಣೆದುರಿಗೆ ಇದ್ದಾಳೆ ಎಂದ ಮೇಲೆ ಆಕೆಯ ಸಮಯ ಎಲ್ಲರದೂ ಎಂದು ಮನೆ ತಿಳಿಯುತ್ತದೆ. ಹೀಗಿದ್ದೂ, ಮನೆಯಿಂದ ಕೆಲಸ ಇಲ್ಲವಾದರೆ ಮೊದಲು ನೌಕರಿ ಬಿಡುವವರು ಹೆಣ್ಣುಮಕ್ಕಳೇ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರದ ರಜೆಯ ಜೊತೆಗೆ, ಕೆಲಸದ ಸ್ವರೂಪ ಒಪ್ಪುವುದಾದರೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಮಾಲೀಕ–ನೌಕರರು ಪರಸ್ಪರ ಮಾತಾಡಿಕೊಳ್ಳಬಹುದು ಎಂದಿತು. ಕಾನೂನು ‘ಬಹುದು’ ಎಂದು ಬಿಟ್ಟ ಜಾಗದಲ್ಲಿ ಎಳೆಯ ತಾಯಂದಿರು ಸೋಲುತ್ತಾರೆ. ಆ ಜಾಗ ತುಂಬಬೇಕಾದದ್ದು ಕಂಪನಿಗಳ ಲಿಖಿತ ನಿಯಮ. ಮನೆಯೊಳಗೆ ತುಂಬಬೇಕಾದದ್ದು ಗಂಡಸರು ರೊಟ್ಟಿ ಕಲ್ಲಿನ ಹತ್ತಿರ ನಿಲ್ಲುವ ರೂಢಿ.

ಪ್ರಯೋಗಗಳು ಹೇಳಿದ್ದು

ಈ ವಿಷಯದಲ್ಲಿ ಅಭಿಪ್ರಾಯಗಳು ಬಹಳ, ಅಳೆದು ನೋಡಿದವರು ಕಡಿಮೆ. ಅಳೆದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಪ್ರಮುಖರು. ಚೀನಾದ ಪ್ರವಾಸ ಕಂಪನಿ ಸಿ–ಟ್ರಿಪ್‌ನ ಕಾಲ್‌ಸೆಂಟರ್‌ನಲ್ಲಿ 2010–11ರಲ್ಲಿ ಅವರ ತಂಡ ಒಂದು ಪ್ರಯೋಗ ಮಾಡಿತು. ಇದಕ್ಕೆ ತಾವಾಗಿ ಮುಂದೆ ಬಂದವರಲ್ಲಿ ಸಮಸಂಖ್ಯೆಯ ದಿನಾಂಕದಂದು ಹುಟ್ಟಿದವರನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಲಾಯಿತು. ಉಳಿದವರು ಕಚೇರಿಯಲ್ಲೇ ಉಳಿದರು. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ನೌಕರಿ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಅದೇ ಪ್ರಯೋಗ ಇನ್ನೆರಡು ಸಂಗತಿಗಳನ್ನೂ ತೋರಿಸಿತು. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಒಂಟಿತನ ತಾಳಲಾರದೆ ಎಷ್ಟೋ ಜನ ಅವಕಾಶ ಸಿಕ್ಕಾಗ ಕಚೇರಿಗೆ ಮರಳಿದರು.

ಅದೇ ಕಂಪನಿಯಲ್ಲಿ 2021–22ರಲ್ಲಿ 1,612 ನೌಕರರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ಇಳಿಕೆ ಕಾಣಲಿಲ್ಲ. ರಾಜೀನಾಮೆ ಮೂರನೆಯ ಒಂದು ಭಾಗದಷ್ಟು ತಗ್ಗಿತು. ಅದರಲ್ಲೂ ಹೆಂಗಸರಲ್ಲಿ, ದೂರದಿಂದ ಓಡಾಡುವವರಲ್ಲಿ. ಪ್ರಯೋಗಕ್ಕೆ ಮುಂಚೆ ‘ಇದರಿಂದ ಕೆಲಸ ಕೆಡುತ್ತದೆ’ ಎಂದಿದ್ದ ಮ್ಯಾನೇಜರ್‌ಗಳು ಮುಗಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು.

ಕಚೇರಿಯ ಪರವಾದ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ ಮೈಕ್ರೊಸಾಫ್ಟ್‌ನ 61 ಸಾವಿರಕ್ಕೂ ಹೆಚ್ಚು ನೌಕರರ ಸಂಪರ್ಕ ಜಾಲವನ್ನು ಪರಿಶೀಲಿಸಿದ 2021ರ ಅಧ್ಯಯನ, ಎಲ್ಲರೂ ಮನೆಯಿಂದ ದುಡಿಯತೊಡಗಿದಾಗ ತಂಡ ತಂಡಗಳ ನಡುವಿನ ಒಡನಾಟ ಕುಗ್ಗಿತೆಂದು ಕಂಡಿತು. ಪಕ್ಕದಲ್ಲಿ ಹಿರಿಯರಿದ್ದಾಗ ಹೊಸ ಎಂಜಿನಿಯರ್‌ಗಳಿಗೆ ತಮ್ಮ ಕೋಡ್ ಬಗ್ಗೆ ಹೆಚ್ಚು ಸಲಹೆ ಸಿಗುತ್ತದೆ ಎಂದು ಇನ್ನೊಂದು ಅಧ್ಯಯನ ತೋರಿಸಿದೆ. ಮೊದಲ ತಲೆಮಾರಿನ ಪದವೀಧರರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಮನೆಯಲ್ಲಿ ಯಾರೂ ಕಾರ್ಪೊರೇಟ್ ಜಗತ್ತು ಕಾಣದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಮೀಟಿಂಗ್‌ನಲ್ಲಿ ಹೇಗೆ ಮಾತಾಡಬೇಕು, ಬೇಡವೆಂದು ಹೇಗೆ ಹೇಳಬೇಕು, ಬಡ್ತಿ ಹೇಗೆ ಕೇಳಬೇಕು ಎಂಬುದೆಲ್ಲ ಕಚೇರಿಯ ಊಟದ ಮೇಜಿನಲ್ಲೇ ತಿಳಿಯಬೇಕು. ಮೊದಲ ಒಂದೆರಡು ವರ್ಷ ಆಕೆ ಕಚೇರಿಯಲ್ಲಿ ಇರುವುದು ಆಕೆಗೇ ಒಳ್ಳೆಯದು, ಆಕೆಗೆ ಕಲಿಸುವ ಹಿರಿಯರೂ ಅಲ್ಲಿ ಇರುವುದಾದರೆ.

ಕುರ್ಚಿಯಲ್ಲಿ ಇರಲೇಬೇಕಾದವರು

ಈ ಭಾಗದ ಬಹುಪಾಲು ಜನರಿಗೆ ಮನೆಯಿಂದ ಕೆಲಸ ಎಂಬ ಆಯ್ಕೆಯೇ ಇಲ್ಲ. ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಮಿಕ, ಕಲ್ಯಾಣ ಕರ್ನಾಟಕ ಸಾರಿಗೆಯ ಚಾಲಕಿ–ನಿರ್ವಾಹಕಿ, ಅಂಗನವಾಡಿ ಕಾರ್ಯಕರ್ತೆ, ದಾದಿ, ಪೌರಕಾರ್ಮಿಕ, ತೊಗರಿ ಕೊಯ್ಯುವ ಕೂಲಿ ಹೆಣ್ಣುಮಗಳು, ಇವರ ಕೆಲಸ ಇವರ ದೇಹ ಇದ್ದಲ್ಲಿಯೇ ನಡೆಯಬೇಕು. ಅವರ ಹಾಜರಿಯಿಂದ ಯಾರಿಗೆ ಉಪಯೋಗ ಎಂಬುದಕ್ಕೆ ಕಣ್ಣೆದುರೇ ಉತ್ತರವಿದೆ.

ಸರ್ಕಾರಿ ಕಚೇರಿಯೂ ಇದೇ ಸಾಲಿಗೆ ಸೇರಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತ ಅಜ್ಜಿ ಸೊಂಟದ ಚೀಲದಲ್ಲಿ ಆಧಾರ್, ಪಾಸ್‌ಬುಕ್ಕು ಮಡಚಿಟ್ಟುಕೊಂಡು ತಾಲ್ಲೂಕು ಕೇಂದ್ರಕ್ಕೆ ಬಂದಿರುತ್ತಾಳೆ. ಬಾಗಿಲಲ್ಲಿ ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬಾ’ ಎಂದರೆ ಆಕೆಯ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಆಕೆ ಆನ್‌ಲೈನ್ ಅರ್ಜಿ ಹಾಕಲಾರಳು. ಆಕೆಯ ಹೆಬ್ಬೆಟ್ಟಿನ ಗೆರೆ ಯಂತ್ರಕ್ಕೆ ಓದಲು ಬರುತ್ತಿಲ್ಲ ಎಂಬುದೇ ಎಷ್ಟೋ ಸಲ ತೊಂದರೆಯ ಮೂಲ. ಅಲ್ಲಿ ಮನುಷ್ಯ ಬೇಕು. ಆ ಕುರ್ಚಿ ಪೂರ್ಣಾವಧಿ ತುಂಬಿರಬೇಕು. ಹೊಸ ತಾಲ್ಲೂಕಿನ ಹೋರಾಟದ ಅರ್ಥವೇ ಅದು.

ಆದರೆ ಹಾಜರಿ ಕೇಳುವವರು ಕೂರಲು ಜಾಗವನ್ನೂ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿಗಳು 2024ರಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಕೇಳಿದ್ದರಲ್ಲಿ ಮೂಲಸೌಕರ್ಯವಿರುವ ಕಚೇರಿಯೂ ಒಂದು. ಹತ್ತಾರು ಆ್ಯಪ್‌ಗಳ ಕೆಲಸವನ್ನು ಮೊಬೈಲ್‌ನಲ್ಲೇ ಮಾಡಬೇಕು ಎಂಬುದು ಅವರ ಅಳಲಾಗಿತ್ತು. ಮೇಜು, ಕಂಪ್ಯೂಟರ್, ಶೌಚಾಲಯ ಇಲ್ಲದ ಕೋಣೆಯಲ್ಲಿ ಕೂರಿ ಎನ್ನುವುದು ನ್ಯಾಯವಲ್ಲ.

ಕೂತ ಹೊತ್ತಿನಿಂದ ಕೆಲಸ ಅಳೆಯಬಾರದು, ಮುಗಿದ ದಿನಾಂಕದಿಂದ ಅಳೆಯಬೇಕು ಎಂಬ ಪಾಠವನ್ನು ಸರ್ಕಾರವೇ ಕಲಿಸಿದೆ. 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆ ಪ್ರತಿ ಅರ್ಜಿಗೂ ಇಂತಿಷ್ಟು ದಿನ ಎಂದು ಗೊತ್ತುಮಾಡಿತು. ತಡವಾದರೆ ಉತ್ತರ ಕೊಡಬೇಕಾದವರು ಯಾರೆಂದೂ ಹೇಳಿತು. ಆ ಕಾಯ್ದೆಯ ಆಶಯವನ್ನು ಖಾಸಗಿ ಕಂಪನಿಗಳೂ ಎತ್ತಿಕೊಳ್ಳಬಹುದು. ಇಂಥ ಕೆಲಸ, ಇಂಥ ದಿನ, ಇಂಥ ಗುಣಮಟ್ಟ ಎಂದು ಬರೆದುಕೊಡಲಿ. ಅದನ್ನು ಮುಗಿಸಿದವರು ಹುಲಸೂರಿನಲ್ಲಿ ಕೂತಿದ್ದರೇ ಹೆಬ್ಬಾಳದಲ್ಲಿ ಕೂತಿದ್ದರೇ ಎಂಬ ವಿಚಾರಣೆ ಬೇಡ.

ಒಂದು ಕಟ್ಟಡ, ಎರಡು ಹಾಜರಿ

ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳುವೆ. ಕಂಪನಿಗಳು ಬಿಡಿಬಿಡಿ ದಿನಗಳ ಹಾಜರಿಯನ್ನು ದೂರದವರಿಗೆ ಒಟ್ಟಾಗಿಸಲಿ. ತಿಂಗಳಿಗೆ ಹತ್ತು ದಿನ ಎಂಬುದನ್ನು ಒಂದೇ ಪಟ್ಟಿಗೆ ಮುಗಿಸಲು ಬಿಟ್ಟರೆ ತಿಂಗಳ ಉಳಿದ ದಿನಗಳು ಊರಿನವು. ಮೂರು ತಿಂಗಳಿಗೆ ಎರಡು ವಾರ ಇಡೀ ತಂಡವನ್ನು ಒಟ್ಟಿಗೆ ಕರೆದರೆ ಇನ್ನೂ ಒಳ್ಳೆಯದು. ಬಂದವರಿಗೆ ಬಂದ ಕಾರಣ ಗೊತ್ತಿರುತ್ತದೆ. ಹೊಸಬರಿಗೆ ಮೊದಲೆರಡು ವರ್ಷ ಕಚೇರಿ ಇರಲಿ, ಕಲಿಸುವ ಹಿರಿಯರ ಹೆಸರು ನಿಗದಿಯಾಗಿರಲಿ. ದೂರ ಇದ್ದಾರೆಂಬ ಕಾರಣಕ್ಕೆ ಬಡ್ತಿ ತಪ್ಪಬಾರದು, ಕೆಲಸದ ಹೊತ್ತು ಮುಗಿದ ಮೇಲೆ ಕರೆ ಬರಬಾರದು ಎಂಬುದು ನೇಮಕಾತಿ ಪತ್ರದಲ್ಲೇ ಇರಲಿ.

ಸರ್ಕಾರದ ಪಾಲು ಇನ್ನೂ ಸುಲಭ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಸ್ತೆ, ಶಾಲೆ ಕೋಣೆ, ಆಸ್ಪತ್ರೆಗೆ ಅದು ಹೋಗಲಿ. ಅದರ ಸಣ್ಣ ತುಣುಕು ಸಾಕು, ಬೀದರ್ ಜಿಲ್ಲೆಯ ಎಂಟೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಕೆಲಸದ ಸಭಾಂಗಣ ತೆರೆಯಲು. ಜನರೇಟರ್ ಬೆಂಬಲದ ವಿದ್ಯುತ್, ಎರಡು ಬೇರೆ ಬೇರೆ ಕಂಪನಿಗಳ ಇಂಟರ್‌ನೆಟ್, ಐವತ್ತು ಮೇಜು, ಮಾತಾಡಲು ನಾಲ್ಕು ಸಣ್ಣ ಕೋಣೆ, ಮಕ್ಕಳನ್ನು ಬಿಡಲು ಒಂದು ಕೂಸಿನ ಮನೆ, ಹೆಂಗಸರಿಗೆ ಸುರಕ್ಷಿತ ಶೌಚಾಲಯ. ಸೊಸೆಗೆ ‘ಕೆಲಸಕ್ಕೆ ಹೊರಟೆ’ ಎನ್ನಲು ಒಂದು ಬಾಗಿಲು ಸಿಗುತ್ತದೆ. ಹುಡುಗನಿಗೆ ನೌಕರಿ ಬಿಟ್ಟು ಬಂದೆಯಾ ಎಂಬ ಪ್ರಶ್ನೆಯಿಂದ ಬಿಡುಗಡೆ. ಒಂಟಿತನಕ್ಕೂ ಅಲ್ಲಿ ಮದ್ದಿದೆ: ಬೇರೆ ಬೇರೆ ಕಂಪನಿಯ, ಒಂದೇ ನಾಡಿನ ಐವತ್ತು ಜನ ಒಂದೆಡೆ ಚಹಾ ಕುಡಿಯುತ್ತಾರೆ. ಪಕ್ಕದ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕೇಳಿ ಕಲಿಯಬಹುದು.

ಹೊಸ ತಾಲ್ಲೂಕುಗಳಿಗೆ ಎಲ್ಲ ಇಲಾಖೆಗಳೂ ಒಂದೇ ಸೂರಿನಡಿ ಇರುವ ‘ಪ್ರಜಾಸೌಧ’ಗಳನ್ನು ಕಟ್ಟುವ ಯೋಜನೆ ಕಂದಾಯ ಇಲಾಖೆಯ ಕೈಯಲ್ಲಿದೆ. ಹುಲಸೂರಿನಲ್ಲಿ ಈ ಪ್ರಯೋಗ ಅಲ್ಲಿಂದಲೇ ಆರಂಭವಾಗಲಿ. ಆ ಕಟ್ಟಡಕ್ಕೆ ಒಂದು ಮಹಡಿ ಹೆಚ್ಚು ಕಟ್ಟಿಸಿ. ನೆಲಮಹಡಿಯಲ್ಲಿ ಅಧಿಕಾರಿಗಳು ಪೂರ್ತಿ ಹೊತ್ತು ಸಿಗಲಿ, ಅಜ್ಜಿಯ ಪಿಂಚಣಿ ಅವತ್ತೇ ಮಂಜೂರಾಗಲಿ. ಮೇಲಿನ ಮಹಡಿಯಲ್ಲಿ ಅದೇ ಅಜ್ಜಿಯ ಮೊಮ್ಮಗಳು ಬೆಂಗಳೂರಿನ ಕೆಲಸ ಮಾಡಿ ಸಂಜೆ ಮನೆಗೆ ಹೋಗಲಿ. ಜಿಲ್ಲೆಯ ಶಾಸಕರು ಮತ್ತು ಮಂಡಳಿ ಮುಂದಿನ ಕ್ರಿಯಾ ಯೋಜನೆಯಲ್ಲಿ ಇದನ್ನು ಸೇರಿಸಲಿ. ಕಂಪನಿಗಳನ್ನು ಕರೆದು ತೋರಿಸಲಿ. ಬಂದು ಕೂರುವ ಮಕ್ಕಳು ನಮ್ಮಲ್ಲಿದ್ದಾರೆ.